ಟ್ಯಾಂಕ್ ವಾರವಾರ ತೊಳೆದರೂ ವಾಸನೆ ಹೋಗಲ್ಲ, ಕಪ್ಪೆ ಬಟ್ಟಲು ಬಿಟ್ಟು ಏಳಲ್ಲ

ಪ್ರಶ್ನೆ, ಮಡಿಕೇರಿಯಿಂದ: ಡಾಕ್ಟ್ರೇ ನಮಸ್ಕಾರ. ಮಗ ಬೆಂಗಳೂರಿನಿಂದ ಒಂದು ಪ್ಯಾಕ್‌ಮ್ಯಾನ್ ಕಪ್ಪೆ, ದೊಡ್ಡ ಬಾಯಿಯ ವಿದೇಶಿ ಜಾತಿ, ತಂದು ಎಂಟು ತಿಂಗಳಾಯಿತು. ಎರಡು ಅಡಿ ಗಾಜಿನ ಟ್ಯಾಂಕ್, ಕೆಳಗೆ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಮಳೆ ಹಿಡಿದ ಮೇಲೆ ಮುಚ್ಚಳ ತೆಗೆದರೆ ಸಾಕು, ಮೂಗು ಮುಚ್ಚಬೇಕು. ಮೂಲೆಯಲ್ಲಿ ಬಿಳಿ ಬೂಷ್ಟು. ವಾರಕ್ಕೊಮ್ಮೆ ಗಾಜನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಜ್ಜುತ್ತೇನೆ, ಅದೇ ಕೊಕೊಪೀಟ್ ವಾಪಸ್ ತುಂಬುತ್ತೇನೆ. ಎರಡು ದಿನದಿಂದ ಕಪ್ಪೆ ನೀರಿನ ಬಟ್ಟಲು ಬಿಟ್ಟು ಏಳುತ್ತಿಲ್ಲ. ಮಗನಿಗೆ ಅಳು.

ಉತ್ತರ: ಅಕ್ಕ, ಮೊದಲು ಆ ಲಿಕ್ವಿಡ್ ಬಾಟಲಿಯನ್ನು ಅಡುಗೆಮನೆಗೆ ವಾಪಸ್ ಇಡಿ. ಕಪ್ಪೆ ನಮ್ಮ ಹಾಗೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಗೆ, ತೊಡೆಯ ಹತ್ತಿರ ತೆಳ್ಳಗಿನ ಚರ್ಮ ಇರುತ್ತದೆ. ಅದನ್ನು ಒದ್ದೆ ಜಾಗಕ್ಕೆ ಒತ್ತಿ ಕೂತು ನೀರು ಹೀರುತ್ತದೆ. ಉಸಿರಾಟವೂ ಸ್ವಲ್ಪ ಚರ್ಮದಿಂದಲೇ. ಅದಕ್ಕೆ ಲೋಟ, ತಟ್ಟೆ, ಹಾಸಿಗೆ, ಕಕ್ಕಸು ಎಲ್ಲಾ ಆ ಒಂದೇ ಕೊಕೊಪೀಟ್. ಅದರಲ್ಲಿ ಉಚ್ಚೆ ಸೇರಿ ಸೇರಿ ಅಮೋನಿಯಾ ಆಗಿದೆ, ನಿಮಗೆ ಬರುತ್ತಿರುವ ವಾಸನೆ ಅದೇ. ಮೈ ಉರಿಗೆ ಅದು ಬಟ್ಟಲಿಗೆ ಓಡಿಹೋಗಿರಬಹುದು.

ಇವತ್ತೇ ಹೀಗೆ ಮಾಡಿ. ಗಾಳಿಗೆ ತೂತು ಇರುವ ಪ್ಲಾಸ್ಟಿಕ್ ಡಬ್ಬಿ, ಕೆಳಗೆ ಪರಿಮಳ ಇಲ್ಲದ ಬಿಳಿ ಟಿಶ್ಯೂ ಒದ್ದೆ ಮಾಡಿ ಹಾಸಿ ಕಪ್ಪೆಯನ್ನು ಅದರಲ್ಲಿಡಿ. ಹಿಡಿಯುವ ಮುಂಚೆ ಕೈಯನ್ನು ಬರೀ ನೀರಲ್ಲಿ ತೊಳೆದು ಒದ್ದೆಯಾಗಿಯೇ ಇಟ್ಟುಕೊಳ್ಳಿ. ಹಿಡಿದಾದ ಮೇಲೆ ನಿಮ್ಮ ಕೈಗೆ ಸೋಪು ಹಾಕಿ, ಸಾಲ್ಮೊನೆಲ್ಲಾ ಅನ್ನುವ ರೋಗಾಣು ಬರಬಹುದು. ಸಣ್ಣ ಬಟ್ಟಲಲ್ಲಿ ಒಳ್ಳೆ ನೀರು ಇರಲಿ, ಗದ್ದಕ್ಕಿಂತ ಮೇಲೆ ಬೇಡ. ಈ ಜಾತಿಗೆ ಸರಿಯಾಗಿ ಈಜು ಬರಲ್ಲ, ಮುಳುಗಿ ಸಾಯುತ್ತದೆ. ಟಿಶ್ಯೂ, ನೀರು ದಿನಕ್ಕೆರಡು ಸಲ ಬದಲಿಸಿ. ತೊಡೆಯ ಒಳಗೆ ಕೆಂಪಾಗಿದ್ದರೆ, ಕಾಲು ಸೆಟೆದುಕೊಂಡರೆ ಕಾಯಬೇಡಿ, ಫೋಟೋ ಕಳಿಸಿ ತಕ್ಷಣ ಕರೆದುಕೊಂಡು ಬನ್ನಿ.

ಟ್ಯಾಂಕ್‌ಗೆ ಕುದಿಯುವ ನೀರು ಬೇಡ, ಗಾಜು ಸೀಳುತ್ತದೆ. ಕೈ ತಡೆಯುವಷ್ಟು ಬಿಸಿ ನೀರು, ಉಜ್ಜಲು ಬಟ್ಟೆ, ಅಷ್ಟೇ. ಕಲೆ ಬಿಡದಿದ್ದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ, ಆಮೇಲೆ ಚೆನ್ನಾಗಿ ತೊಳೆಯಿರಿ. ರೋಗ ಬಂದ ಟ್ಯಾಂಕ್‌ಗೆ ಮಾತ್ರ ಬ್ಲೀಚ್, ಹತ್ತಕ್ಕೆ ಒಂದು ಪಾಲು, ಹತ್ತು ನಿಮಿಷ. ಅದನ್ನು ವಾಸನೆ ಪೂರ್ತಿ ಹೋಗುವವರೆಗೆ ತೊಳೆದು ಬಿಸಿಲಿಗೆ ಒಣಗಿಸಬೇಕು. ಕಕ್ಕಡ ತಿಂಗಳ ಮಳೆಯಲ್ಲಿ ಮಡಿಕೇರಿಯಲ್ಲಿ ಬಿಸಿಲು ಎಲ್ಲಿಂದ ತರುತ್ತೀರಿ? ಸುಮ್ನೆ ಬಿಸಿ ನೀರೇ ಸಾಕು.

ಹೊಸ ಕೊಕೊಪೀಟ್ ಹಾಕುವ ಮುಂಚೆ ನೆನೆಸಿ ಎರಡು ಮೂರು ಸಲ ತೊಳೆಯಿರಿ, ಕೆಲವದರಲ್ಲಿ ಉಪ್ಪಿನಂಶ ಇರುತ್ತದೆ. ಮುಷ್ಟಿಯಲ್ಲಿ ಹಿಂಡಿ ನೋಡಿ. ಅಕ್ಕಿತರಿಯ ಕಡಂಬುಟ್ಟಿನ ಹಾಗೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಹಿಕ್ಕೆ ಕಂಡ ದಿನವೇ ಚಮಚದಲ್ಲಿ ಸುತ್ತಲಿನ ಪೀಟ್ ಸಮೇತ ತೆಗೆಯಿರಿ. ಬಟ್ಟಲ ನೀರು ದಿನಾ ಬದಲಿಸಿ. ಗಿಡ ಇಲ್ಲದ ಟ್ಯಾಂಕ್ ಆದರೆ ಮೂರು ನಾಲ್ಕು ವಾರಕ್ಕೊಮ್ಮೆ ಪೂರ್ತಿ ಹೊಸದು. ಹಳೆಯದನ್ನೇ ವಾಪಸ್ ತುಂಬುವುದಾದರೆ ಗಾಜು ತೊಳೆದು ಏನು ಬಂತು?

ಇನ್ನು ಬೂಷ್ಟು. ಮಳೆಗಾಲದಲ್ಲಿ ನಮ್ಮ ಗೋಡೆಗೇ ಬೂಷ್ಟು, ಚಪ್ಪಲಿಗೂ ಬೂಷ್ಟು. ಸ್ಪ್ರೇ ಮಾಡುವುದನ್ನು ನಿಲ್ಲಿಸಿ, ಮುಚ್ಚಳದ ಅರ್ಧಕ್ಕೆ ಜಾಲರಿ ಹಾಕಿ. ಗಾಜು ದಿನವಿಡೀ ಬೆವರುತ್ತಿದ್ದರೆ ಗಾಳಿ ಸಾಲದು ಅಂತ ಅರ್ಥ.

ಪ್ರಶ್ನೆ, ಗೋಣಿಕೊಪ್ಪದಿಂದ: ಸರ್, ನಮ್ಮದು ಬಾವಿ ನೀರು. ನಲ್ಲಿ ನೀರಿಗಿಂತ ಒಳ್ಳೇದಲ್ವಾ?

ಉತ್ತರ: ಒಳ್ಳೇದೇ, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ವಾರ ಬಿಟ್ಟು. ನಲ್ಲಿ ನೀರಿನ ಕ್ಲೋರಿನ್ ಅಗಲ ಪಾತ್ರೆಯಲ್ಲಿ 24 ಗಂಟೆ ತೆರೆದಿಟ್ಟರೆ ಹೋಗುತ್ತದೆ. ಕ್ಲೋರಮೈನ್ ಹಾಕಿದ್ದರೆ ಹೋಗಲ್ಲ, ಅದಕ್ಕೆ ಮೀನಿನ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ಹನಿ ಬೇಕು. ಆದರೆ ನೀರು ಎಲ್ಲಿಂದ ಅನ್ನುವುದಕ್ಕಿಂತ ಯಾವುದರಲ್ಲಿ ಇಟ್ಟಿದ್ದೀರಿ ನೋಡಿ. ತಾಮ್ರದ ಹಂಡೆ, ತಾಮ್ರದ ಚೊಂಬಿನ ನೀರು ಕಪ್ಪೆಗೆ ಬೇಡವೇ ಬೇಡ. ತಾಮ್ರ ಅದಕ್ಕೆ ವಿಷ. ಸ್ಟೀಲ್ ಅಥವಾ ಗಾಜು ಇರಲಿ. ಹಾಗೇ ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ರೂಮ್ ಸ್ಪ್ರೇ ಬೇಡ.

ಪ್ರಶ್ನೆ, ಸೋಮವಾರಪೇಟೆಯಿಂದ: ದುಡ್ಡು ಕೊಟ್ಟು ಪಾಚಿ ಯಾಕೆ ತರಬೇಕು ಡಾಕ್ಟ್ರೇ? ತೋಟದಲ್ಲಿ ಮರದ ತುಂಬ ಇದೆ. ಎರೆಹುಳುವೂ ಬೇಕಾದಷ್ಟು.

ಉತ್ತರ: ಇದರಲ್ಲಿ ನಾನೇ ಎಡವಿದ್ದೇನೆ ಮಾರಾಯ್ರೇ. ನನ್ನ ಹತ್ತಿರ ಒಂದು ವೈಟ್ಸ್ ಮರಗಪ್ಪೆ ಇತ್ತು, ಆಸ್ಟ್ರೇಲಿಯಾ ಕಡೆಯ ಜಾತಿ. ಸಿಲ್ವರ್ ಓಕ್ ಬುಡದಿಂದ ದಪ್ಪ ಹಸಿರು ಪಾಚಿ ಕಿತ್ತು ತಂದು ಹಾಸಿದೆ. ನೋಡಲು ಬಲು ಚಂದ. ಮೂರನೇ ದಿನ ಅದು ಹುಳ ತಿನ್ನಲಿಲ್ಲ. ನಾಲ್ಕನೇ ದಿನ ಗಾಜು ಹತ್ತಲು ಹೋಗಿ ಜಾರಿ ಬಿತ್ತು, ಹಿಂಗಾಲು ಎಳೆಯುತ್ತಿತ್ತು. ಆಗ ಹೊಳೆಯಿತು. ಆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿತ್ತು, ಮಳೆಗೆ ಮುಂಚೆ ಬಳ್ಳಿಗೆ ಬೋರ್ಡೋ ಅನ್ನುವ ಶಿಲೀಂಧ್ರದ ಮದ್ದು ಹೊಡೆದಿದ್ದರು. ಮೆಣಸಿಗೆ 1% ದ್ರಾವಣ ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಮೈಲುತುತ್ತು ಅಂದರೆ ತಾಮ್ರವೇ. ಮಳೆ ಬಂದು ತೊಳೆದಿರುತ್ತದೆ ಅಂದುಕೊಂಡಿದ್ದೆ. ಸುಣ್ಣ ಸೇರಿಸಿ ಹೊಡೆದ ಆ ಮದ್ದು ಮಳೆಗೆ ಸುಲಭಕ್ಕೆ ತೊಳೆದು ಹೋಗಲ್ಲ ತಾನೇ! ಕಪ್ಪೆ ಉಳಿಯಿತು, ಚೇತರಿಸಲು ತಿಂಗಳು ಹಿಡಿಯಿತು. ಮದ್ದು ಹೊಡೆಯುವ ತೋಟದ ಪಾಚಿ, ತರಗೆಲೆ, ಎರೆಹುಳು ಯಾವುದೂ ಬೇಡ. ಮದ್ದು ಕಾಣದ ಹಿತ್ತಲಿನ ಎರೆಹುಳು ಪರವಾಗಿಲ್ಲ.

ಪ್ರಶ್ನೆ, ಕುಶಾಲನಗರದಿಂದ: ಡಿಸೆಂಬರ್ ಚಳಿಗೆ ಹೀಟ್ ಮ್ಯಾಟ್ ಟ್ಯಾಂಕ್ ಕೆಳಗೆ ಇಡಬಹುದಾ?

ಉತ್ತರ: ಬೇಡ. ಪ್ಯಾಕ್‌ಮ್ಯಾನ್ ಸೆಕೆ ಆದರೆ ಮಣ್ಣಿನೊಳಗೆ ಇಳಿಯುತ್ತದೆ. ಕೆಳಗೇ ಬಿಸಿ ಇದ್ದರೆ ಹೊಟ್ಟೆ ಸುಡುತ್ತದೆ. ಪಕ್ಕದ ಗಾಜಿಗೆ ಅಂಟಿಸಿ, ಥರ್ಮೋಸ್ಟಾಟ್ ಹಾಕಿ, 24ರಿಂದ 28 ಡಿಗ್ರಿ ಇರಲಿ. ಕರೆಂಟ್ ಹೋದರೆ ಬಿಸಿ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಹೊರಗಿನಿಂದ ಒರಗಿಸಿಡಿ.

ಪ್ರಶ್ನೆ, ಪೊನ್ನಂಪೇಟೆಯಿಂದ, ಕಾಲೇಜು ವಿದ್ಯಾರ್ಥಿ: ಮನೆ ಹಿಂದೆ ಹಸಿರು ಹಾರುವ ಕಪ್ಪೆ ಬರುತ್ತದೆ. ಒಂದನ್ನು ಸಾಕಲಾ?

ಉತ್ತರ: ಬೇಡಪ್ಪ. 1972ರ ವನ್ಯಜೀವಿ ಕಾಯ್ದೆಯ ಮಾತು ಇರಲಿ, ನಿನ್ನ ಟ್ಯಾಂಕಿನಲ್ಲಿ ಅದು ಬದುಕುವುದೂ ಕಷ್ಟ. ಅದಕ್ಕೆ ನೀರಿನ ಮೇಲೆ ಬಾಗಿದ ಕೊಂಬೆ ಬೇಕು, ಅಲ್ಲಿ ನೊರೆಗೂಡು ಕಟ್ಟಿ ಮೊಟ್ಟೆ ಇಡುತ್ತದೆ. ಮರಿ ಕೆಳಗಿನ ನೀರಿಗೆ ಬೀಳುತ್ತದೆ. ರಾತ್ರಿ ಟಾರ್ಚ್ ಹಿಡಿದು ಹಿತ್ತಲಲ್ಲೇ ನೋಡು. ಪೇಟೆ ಕಪ್ಪೆ ಸಾಕುವವರಿಗೂ ಒಂದು ಮಾತು. 2022ರ ತಿದ್ದುಪಡಿಯ ನಂತರ ಕೆಲವು ವಿದೇಶಿ ಪ್ರಾಣಿಗಳಿಗೆ ನೋಂದಣಿ ಬೇಕು, ನಿಮ್ಮದು ಆ ಪಟ್ಟಿಯಲ್ಲಿದೆಯಾ ನೋಡಿ. ಟ್ಯಾಂಕ್ ತೊಳೆದ ನೀರನ್ನು ತೋಡಿಗೆ ಚೆಲ್ಲಬೇಡಿ. ಕೈಟ್ರಿಡ್ ಅನ್ನುವ ಶಿಲೀಂಧ್ರ ನೀರಲ್ಲೇ ಹರಡುತ್ತದೆ, ಲೋಕದ ಎಷ್ಟೋ ಕಡೆ ಕಪ್ಪೆಗಳನ್ನು ಅಳಿಸಿ ಹಾಕಿದೆ. ನೀರು ಕಕ್ಕಸಿಗೆ ಹೋಗಲಿ. ಹಳೆ ಪೀಟ್ ಕಟ್ಟಿ ಕಸಕ್ಕೆ ಹಾಕಿ.

ಮಡಿಕೇರಿಯಿಂದ ಮತ್ತೆ: ಡಾಕ್ಟ್ರೇ, ಟಿಶ್ಯೂ ಮೇಲೆ ಇಟ್ಟು ಮೂರು ದಿನ ಆಯಿತು. ಬಟ್ಟಲಿಂದ ಎದ್ದು ಮೂಲೆಯಲ್ಲಿ ಕೂತಿದೆ. ಇವತ್ತು ಬೆಳಿಗ್ಗೆ ಬಾಯಿಗೆ ಏನೋ ತೆಳ್ಳನೆ ಪೊರೆ ಎಳೆದುಕೊಂಡು ನುಂಗುತ್ತಿತ್ತು. ಟಿಶ್ಯೂ ತಿಂದಿತಾ ಅಂತ ಹೆದರಿಕೆ.

ಉತ್ತರ: ಟಿಶ್ಯೂ ಹರಿದಿದೆಯಾ ನೋಡಿ. ಹರಿದಿಲ್ಲ ಅಂದರೆ ಅದು ಪೊರೆ ಬಿಟ್ಟಿದೆ. ಕಪ್ಪೆ ತನ್ನ ಪೊರೆ ತಾನೇ ತಿನ್ನುತ್ತದೆ. ನಾಳೆ ಒಂದು ಎರೆಹುಳು ಕೊಟ್ಟು ನೋಡಿ. ಹಳೆ ಕೊಕೊಪೀಟ್ ಏನು ಮಾಡಿದಿರಿ?

ಮಡಿಕೇರಿಯಿಂದ: ಟಿಶ್ಯೂ ಹರಿದಿಲ್ಲ ಡಾಕ್ಟ್ರೇ. ಪೀಟ್ ಗುಲಾಬಿ ಕುಂಡಕ್ಕೆ ಹಾಕಿಬಿಟ್ಟಿದ್ದೆ. ಈಗ ಮಗ ಅದನ್ನು ಚೀಲಕ್ಕೆ ತುಂಬುತ್ತಿದ್ದಾನೆ.