ಓಪನ್ ಡ್ರೈವರ್ ಹಾಕಿದ ಮೇಲೆ ಜಿಟಿಎಕ್ಸ್ 1050 ಟಿಐ ಸತ್ತಂತಾಗಿದೆ (ಬಗೆಹರಿದಿದೆ)

ಬಡಗುತಿಟ್ಟು_ಎಡಿಟರ್:
ಎಲ್ಲರಿಗೂ ನಮಸ್ಕಾರ. ಉಬುಂಟು ಲಿನಕ್ಸ್ 24.04, ಗ್ರಾಫಿಕ್ಸ್ ಕಾರ್ಡ್ ಎನ್ವಿಡಿಯಾ ಜಿಟಿಎಕ್ಸ್ 1050 ಟಿಐ. ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಮೂರು ವರ್ಷ ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಯಕ್ಷಗಾನದ ವಿಡಿಯೊಗಳನ್ನು ಕೆಡೆನ್‌ಲೈವ್‌ನಲ್ಲಿ ಎಡಿಟ್ ಮಾಡುತ್ತೇನೆ.

ಎನ್ವಿಡಿಯಾ ತನ್ನ ಡ್ರೈವರನ್ನು (ಕಾರ್ಡ್ ನಡೆಸುವ ತಂತ್ರಾಂಶ) ಓಪನ್ ಸೋರ್ಸ್ ಮಾಡಿದೆ, ಈಗ ಅದನ್ನೇ ಹಾಕಿಕೊಳ್ಳಿ ಅಂತ ಕಂಪನಿಯೇ ಹೇಳುತ್ತಿದೆ ಎಂದು ಓದಿದೆ. ಖುಷಿಯಾಗಿ ಡ್ರೈವರಿನ ಹಳೆಯ 550 ಆವೃತ್ತಿ ತೆಗೆದು, 580ರಲ್ಲಿ ಹೆಸರಿನ ಕೊನೆಗೆ 'ಓಪನ್' ಅಂತ ಇರುವ ಪ್ಯಾಕೇಜ್ ಹಾಕಿದೆ. ರೀಬೂಟ್ ಮಾಡಿದರೆ ಸ್ಕ್ರೀನ್ 1024×768ಕ್ಕೆ ಬಂದು ನಿಂತಿದೆ. ಅಕ್ಷರಗಳೆಲ್ಲ ಊದಿಕೊಂಡಿವೆ. ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಅಂದರೆ 'ಎಲ್‌ಎಲ್‌ವಿಎಂಪೈಪ್' ಅಂತ ತೋರಿಸುತ್ತಿದೆ. ಕಿಟಕಿ ಎಳೆದರೆ ಸಾಕು, ಸಿಪಿಯು ಫ್ಯಾನ್ ಚಂಡೆ ಬಾರಿಸುತ್ತದೆ. ಕಾರ್ಡ್ ಸುಟ್ಟುಹೋಯಿತಾ? ಭಾನುವಾರದೊಳಗೆ ಒಂದು ಪ್ರಸಂಗ ಎಡಿಟ್ ಮಾಡಿ ಕೊಡಬೇಕು.

ಪೆಂಗ್ವಿನ್_ಪಾಪಣ್ಣ:
ಸುಟ್ಟಿಲ್ಲ, ಗಾಬರಿ ಬೇಡ. ಎಲ್‌ಎಲ್‌ವಿಎಂಪೈಪ್ ಅಂದರೆ ಚಿತ್ರ ಬಿಡಿಸುವ ಕೆಲಸವನ್ನು ಕಾರ್ಡ್ ಬದಲು ಸಿಪಿಯು ಮಾಡುತ್ತಿದೆ ಅಂತ. ಫ್ಯಾನ್ ಕೂಗುತ್ತಿರುವುದು ಅದಕ್ಕೇ. ಊಹೆ ಒಂದಿದೆ, ಆದರೆ ಲಾಗ್ ನೋಡದೆ ಹೇಳಲ್ಲ. ಟರ್ಮಿನಲ್ ತೆಗೆದು ಕರ್ನಲ್ (ಲಿನಕ್ಸ್‌ನ ತಿರುಳು) ಬರೆಯುವ ಲಾಗ್‌ನಲ್ಲಿ 'ಎನ್‌ವಿಆರ್‌ಎಂ' ಅಂತ ಶುರುವಾಗುವ ಸಾಲುಗಳನ್ನು ಹುಡುಕಿ. ಫೋಟೊ ಆದರೂ ಪರವಾಗಿಲ್ಲ.

ಬಡಗುತಿಟ್ಟು_ಎಡಿಟರ್:
ಸಿಕ್ಕಿತು. ಫೋಟೊ ಮಸುಕಾಗಿ ಬಂತು, ಆದ್ದರಿಂದ ಓದಿಯೇ ಹೇಳುತ್ತೇನೆ. ಮೊದಲು ಕಾರ್ಡಿನ ಪಿಸಿಐ ನಂಬರ್. ಆಮೇಲೆ, ಈ ಕಾರ್ಡಿನಲ್ಲಿ ಬೇಕಾದ 'ಜಿಪಿಯು ಸಿಸ್ಟಮ್ ಪ್ರೊಸೆಸರ್' ಇಲ್ಲ, ಹಾಗಾಗಿ ಓಪನ್ ಮಾಡ್ಯೂಲ್ ಇದಕ್ಕೆ ನಡೆಯುವುದಿಲ್ಲ ಅಂತ ಇದೆ. ಏನದು? ಕಾರ್ಡ್ ಕೊಟ್ಟವರು ಏನಾದರೂ ಬಿಚ್ಚಿಟ್ಟುಕೊಂಡರಾ?

ಪೆಂಗ್ವಿನ್_ಪಾಪಣ್ಣ:
ಹ್ಹಹ್ಹ, ಪಾಪ, ಅವರದ್ದೇನೂ ತಪ್ಪಿಲ್ಲ. ನಿಮ್ಮ ಕಾರ್ಡಿಗೆ ಆ ಪ್ರೊಸೆಸರ್ ಹುಟ್ಟಿನಿಂದಲೇ ಇಲ್ಲ.

ಎನ್ವಿಡಿಯಾ 2022ರ ಮೇನಲ್ಲಿ ಸೋರ್ಸ್ ತೆರೆದಿದ್ದು ಡ್ರೈವರಿನ ಕರ್ನಲ್ ಭಾಗದ್ದು ಮಾತ್ರ, ಮಾಡ್ಯೂಲ್ ಅನ್ನುವುದು ಅದಕ್ಕೇ. ಆಟ, ಆ್ಯಪ್‌ಗಳು ಕಾರ್ಡಿನಿಂದ ಕೆಲಸ ಮಾಡಿಸಿಕೊಳ್ಳುವ ಓಪನ್‌ಜಿಎಲ್, ವಲ್ಕನ್, ಕುಡಾ ಇವೆಲ್ಲ ಇವತ್ತಿಗೂ ಮುಚ್ಚಿದ ಬಾಗಿಲು. ಆ ಕರ್ನಲ್ ಭಾಗ ತೆರೆಯಲು ಸಾಧ್ಯವಾಗಿದ್ದು ಹೇಗೆ ಅಂದರೆ, ಮೊದಲು ಡ್ರೈವರ್ ಮಾಡುತ್ತಿದ್ದ ಎಷ್ಟೋ ಕೆಲಸವನ್ನು ಕಾರ್ಡಿನ ಒಳಗೇ ಇರುವ ಜಿಎಸ್‌ಪಿ (ಲಾಗ್ ಹೇಳಿದ ಅದೇ ಜಿಪಿಯು ಸಿಸ್ಟಮ್ ಪ್ರೊಸೆಸರ್) ಎಂಬ ಪುಟ್ಟ ಪ್ರೊಸೆಸರಿಗೆ ಸಾಗಿಸಿದ್ದಾರೆ. ಅದಕ್ಕೆ ಹತ್ತಾರು ಎಂಬಿಯ ಫರ್ಮ್‌ವೇರ್ (ಅದರೊಳಗೇ ಓಡುವ ಪ್ರೋಗ್ರಾಂ) ಲೋಡ್ ಆಗುತ್ತದೆ, ಅದರ ಸೋರ್ಸ್ ಕೊಟ್ಟಿಲ್ಲ. ಅಂಗಡಿ ಬಾಗಿಲು ತೆರೆದರು, ಗೋದಾಮಿಗೆ ಬೀಗ ಹಾಗೇ ಇದೆ. ನನಗೆ ಇದು ಪೂರ್ತಿ ಸಮಾಧಾನದ ವಿಷಯವಲ್ಲ. ಆದರೂ ಹೊಸ ಕರ್ನಲ್ ಬಂದಾಗ ಎಲ್ಲಿ ಮುರಿಯಿತು ಅಂತ ಈಗ ಯಾರಾದರೂ ಓದಿ ನೋಡಬಹುದು. ಮೊದಲು ಅದೂ ಇರಲಿಲ್ಲ.

ಈ ಜಿಎಸ್‌ಪಿ ಬಂದಿದ್ದು ಟ್ಯೂರಿಂಗ್ ಪೀಳಿಗೆಯಿಂದ, ಅಂದರೆ ಆರ್‌ಟಿಎಕ್ಸ್ 20 ಮತ್ತು ಜಿಟಿಎಕ್ಸ್ 16 ಸರಣಿ. ನಿಮ್ಮದು ಅದಕ್ಕೂ ಹಿಂದಿನ ಪೀಳಿಗೆ, 2016ರ ಪ್ಯಾಸ್ಕಲ್. ಕೇವಲ 'ಜಿಟಿಎಕ್ಸ್' ಅನ್ನುವ ಹೆಸರು ನೋಡಿ ತೀರ್ಮಾನಿಸಬೇಡಿ, 1650 ಇದ್ದಿದ್ದರೆ ಇದೇ ಓಪನ್ ಪ್ಯಾಕೇಜ್ ಓಡುತ್ತಿತ್ತು.

ಈಗ ಮಾಡಬೇಕಾದ್ದು: ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಕಪ್ಪು ಪರದೆಯಲ್ಲಿ ಲಾಗಿನ್ ಆಗಿ. ಎನ್ವಿಡಿಯಾ ಹೆಸರಿನ ಪ್ಯಾಕೇಜ್‌ಗಳನ್ನೆಲ್ಲ ಎಪಿಟಿಯಿಂದ (ಪ್ಯಾಕೇಜ್ ಹಾಕಿ ತೆಗೆಯುವ ಕಮಾಂಡ್) ಪರ್ಜ್ ಮಾಡಿ, ಅಂದರೆ ಬುಡಸಮೇತ ಅಳಿಸಿ. ಸುಮ್ನೆ ರಿಮೂವ್ ಮಾಡಿದರೆ ಹಳೆಯ ಕಾನ್ಫಿಗ್ ಉಳಿದು ಕಾಡುತ್ತದೆ. ಆಮೇಲೆ ಅದೇ 580, ಆದರೆ ಕೊನೆಗೆ 'ಓಪನ್' ಇಲ್ಲದ್ದು. ರೀಬೂಟ್. 590 ಕಂಡರೆ ಆಸೆಪಡಬೇಡಿ. ಪ್ಯಾಸ್ಕಲ್‌ಗೆ 580ರ ಸಾಲೇ ಕೊನೆ. 2025ರ ಡಿಸೆಂಬರ್‌ನಲ್ಲಿ ಆರ್ಚ್ ಲಿನಕ್ಸ್ 590ಕ್ಕೆ ಹೋಗಿ ಓಪನ್ ಮಾಡ್ಯೂಲನ್ನೇ ಮುಖ್ಯ ಪ್ಯಾಕೇಜ್ ಮಾಡಿತು. ಆಗ ಕಣ್ಮುಚ್ಚಿ ಅಪ್‌ಡೇಟ್ ಕೊಟ್ಟ ಹಳೇ ಕಾರ್ಡಿನವರಿಗೂ ಇದೇ ಗತಿ ಆಯಿತು.

ಬಡಗುತಿಟ್ಟು_ಎಡಿಟರ್:
ಸಂಜೆ ಮಾಡಿ ಹೇಳುತ್ತೇನೆ. ಒಂದು ಪ್ರಶ್ನೆ. ಪೂರ್ತಿ ಓಪನ್ ಬೇಕು ಅಂದರೆ ಸಮುದಾಯದವರು ಬರೆದ ನೂವೋ ಡ್ರೈವರ್ ಇದೆಯಲ್ಲ, ಅದನ್ನೇ ಹಾಕಿದರೆ ಆಗಲ್ವಾ?

ಪೆಂಗ್ವಿನ್_ಪಾಪಣ್ಣ:
ಚಿತ್ರ ಬರುತ್ತದೆ, ವೇಗ ಬರಲ್ಲ. ಜಿಟಿಎಕ್ಸ್ 900 ಮತ್ತು 10 ಸರಣಿಯವರ ಹಣೆಬರಹವೇ ಹೀಗೆ. ಆ ಕಾಲಕ್ಕೆ ಕಾರ್ಡಿನ ವೇಗ ಏರಿಸಿ ಇಳಿಸುವ ಫರ್ಮ್‌ವೇರಿಗೆ ಕಂಪನಿಯ ಸಹಿ ಇರಲೇಬೇಕು ಅಂತಾಯಿತು, ನೂವೋದವರಿಗೆ ಅದಕ್ಕೆ ಬೇಕಾದ ಸಹಿ ಮಾಡಿದ ಫರ್ಮ್‌ವೇರ್ ಸಿಗಲಿಲ್ಲ. ಹಾಗಾಗಿ ಆನ್ ಮಾಡಿದಾಗ ಯಾವ ಕ್ಲಾಕ್ ಇರುತ್ತದೋ ಅದರಲ್ಲೇ ಕುಂಟುತ್ತದೆ. ತಮಾಷೆ ಏನು ಗೊತ್ತಾ? ಅದಕ್ಕಿಂತ ಹಳೆಯ ಕೆಪ್ಲರ್ ಕಾರ್ಡುಗಳಲ್ಲಿ ಕೈಯಾರೆ ವೇಗ ಏರಿಸಬಹುದು. ಟ್ಯೂರಿಂಗ್ ನಂತರದವಕ್ಕೆ ಲಿನಕ್ಸ್ 6.7ರಿಂದ ನೂವೋ ಕೂಡ ಜಿಎಸ್‌ಪಿ ಬಳಸಿಕೊಂಡು ಓಡುತ್ತದೆ, ಮೇಸಾ ಎಂಬ ಓಪನ್ ಗ್ರಾಫಿಕ್ಸ್ ತಂತ್ರಾಂಶದಲ್ಲಿ ಎನ್‌ವಿಕೆ ಎಂಬ ವಲ್ಕನ್ ಡ್ರೈವರೂ ಇದೆ. ನಡುವೆ ಸಿಕ್ಕಿಕೊಂಡವರು ನೀವು.

ಮುಂದೆ ಕಾರ್ಡ್ ಬದಲಿಸುವಾಗ ಎಎಂಡಿಯನ್ನೂ ಒಮ್ಮೆ ನೋಡಿ. 2007ರಲ್ಲೇ ಚಿಪ್‌ಗಳ ದಾಖಲೆ ಬಿಡಲು ಶುರು ಮಾಡಿದರು. 2015ರಿಂದ ಅವರ ಎಎಂಡಿಜಿಪಿಯು ಡ್ರೈವರ್ ಕರ್ನಲ್‌ನಲ್ಲೇ ಇದೆ. ಹೊರಗಿನಿಂದ ಡ್ರೈವರ್ ತಂದು ಹಾಕುವ ಕೆಲಸವೇ ಇಲ್ಲ. ಫರ್ಮ್‌ವೇರ್ ಅಲ್ಲೂ ಮುಚ್ಚಿದ್ದೇ ಅನ್ನಿ.

ಹೊಸಕಾರ್ಡ್_50:
ಪಾಪಣ್ಣ, ನಿಮ್ಮ ಮಾತು ಕೇಳಿ ಕೆಟ್ಟೆ! ನನ್ನದೂ 580 ಓಪನ್ ಇತ್ತು, ಆಗಾಗ ಗೇಮ್ ಸಿಕ್ಕಿಕೊಳ್ಳುತ್ತಿತ್ತು. ಇಲ್ಲಿ ಓದಿ 'ಓಪನ್' ಇಲ್ಲದ 580 ಹಾಕಿದೆ. ಈಗ ನನಗೂ 1024×768.

ಪೆಂಗ್ವಿನ್_ಪಾಪಣ್ಣ:
ಅಯ್ಯೋ. ಕಾರ್ಡ್ ಯಾವುದು ಮಾರಾಯ್ರೇ?

ಹೊಸಕಾರ್ಡ್_50:
ಆರ್‌ಟಿಎಕ್ಸ್ 5060.

ಪೆಂಗ್ವಿನ್_ಪಾಪಣ್ಣ:
ನಿಮ್ಮದು ತದ್ವಿರುದ್ಧ. 50 ಸರಣಿ ಬ್ಲ್ಯಾಕ್‌ವೆಲ್, ಅದಕ್ಕೆ ಓಪನ್ ಮಾಡ್ಯೂಲ್ ಒಂದೇ ಗತಿ. ಮುಚ್ಚಿದ ಮಾಡ್ಯೂಲ್ ಆ ಕಾರ್ಡನ್ನು ಮುಟ್ಟುವುದೇ ಇಲ್ಲ. ಲಾಗ್ ನೋಡಿ, 'ಓಪನ್ ಮಾಡ್ಯೂಲ್ ಬಳಸಿ' ಅಂತಲೇ ಬರೆದಿರುತ್ತದೆ. ಪರ್ಜ್ ಮಾಡಿ ಓಪನ್ ವಾಪಸ್ ಹಾಕಿ. ಗೇಮ್ ಸಿಕ್ಕಿಕೊಳ್ಳುವುದು ಬೇರೆಯೇ ಕಾಯಿಲೆ, ಅದಕ್ಕೆ ಹೊಸ ಪ್ರಶ್ನೆ ಹಾಕಿ. ಎರಡನ್ನೂ ಇಲ್ಲಿ ಕಲಸಬೇಡಿ.

ಟ್ಯೂರಿಂಗ್‌ನಿಂದ 40 ಸರಣಿಯವರೆಗಿನವರಿಗೆ ಎರಡೂ ನಡೆಯುತ್ತದೆ. ಸದ್ಯ ಯಾವುದು ಓಡುತ್ತಿದೆ ಅಂತ ತಿಳಿಯಲು ಮಾಡ್‌ಇನ್ಫೋ ಕಮಾಂಡ್‌ನಲ್ಲಿ ಎನ್ವಿಡಿಯಾ ಮಾಡ್ಯೂಲಿನ ಲೈಸೆನ್ಸ್ ಸಾಲು ನೋಡಿ. ಎಂಐಟಿ, ಜಿಪಿಎಲ್ ಎರಡೂ ಹೆಸರಿದ್ದರೆ ಓಪನ್. 'ಎನ್ವಿಡಿಯಾ' ಅಂತಷ್ಟೇ ಇದ್ದರೆ ಮುಚ್ಚಿದ್ದು.

ಹೊಸಕಾರ್ಡ್_50:
ಬಂತು ಬಂತು. ಬೈದಿದ್ದಕ್ಕೆ ಕ್ಷಮೆ ಇರಲಿ.

ಬಡಗುತಿಟ್ಟು_ಎಡಿಟರ್:
ನನ್ನದೂ ಬಂತು. ಕಾರ್ಡಿನ ಸ್ಥಿತಿ ತೋರಿಸುವ ಎನ್ವಿಡಿಯಾ ಎಸ್‌ಎಂಐ ಕಮಾಂಡ್ ಹಾಕಿದರೆ ಕಾರ್ಡಿನ ಹೆಸರು, 4096 ಎಂಬಿ ಎಲ್ಲ ನೆಟ್ಟಗೆ ಕಾಣುತ್ತಿದೆ. ಲೈಸೆನ್ಸ್ ಸಾಲಿನಲ್ಲಿ 'ಎನ್ವಿಡಿಯಾ' ಅಂತಷ್ಟೇ ಇದೆ, ನೋಡಿ ಸ್ವಲ್ಪ ಬೇಜಾರಾಯಿತು. ಕಾರ್ಡಿನದ್ದೇ ವಿಡಿಯೊ ಎನ್‌ಕೋಡರ್ ಆದ ಎನ್‌ವೆಂಕ್‌ನಲ್ಲಿ ರೆಂಡರ್‌ಗೆ ಹಾಕಿದ್ದೇನೆ, ಭಾಗವತರ ಪದ ಕೇಳಿಸುತ್ತಿದೆ, ಫ್ಯಾನ್ ಕೇಳಿಸುತ್ತಿಲ್ಲ. ಶೀರ್ಷಿಕೆಯಲ್ಲಿ 'ಬಗೆಹರಿದಿದೆ' ಸೇರಿಸಿದೆ.