ಅಂಗವೈಕಲ್ಯದ ನೆರವಿನಲ್ಲಿ ಲೈಂಗಿಕ ಅಗತ್ಯಕ್ಕೂ ಜಾಗವಿದೆಯೇ?

ಪ್ರಶ್ನೆ (ಚಿತ್ತಾಪುರದಿಂದ)
ಫರ್ಸಿ ಕಲ್ಲಿನ ಗಣಿಯಲ್ಲಿ ಬೆನ್ನುಹುರಿಗೆ ಪೆಟ್ಟಾದಾಗಿನಿಂದ ನನಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇದೆ, ಮಾಸಾಶನ ಬರುತ್ತದೆ, ಗಾಲಿಕುರ್ಚಿಯೂ ಸಿಕ್ಕಿದೆ. ಮದುವೆಯಾಗಿಲ್ಲ, ಆದರೆ ಆಸೆಗಳು ಸತ್ತಿಲ್ಲ. ಶಿಬಿರವೊಂದರಲ್ಲಿ ಧೈರ್ಯ ಮಾಡಿ ಈ ವಿಷಯ ಎತ್ತಿದಾಗ, ಅರ್ಜಿ ತುಂಬುತ್ತಿದ್ದವರು ಪೆನ್ನು ಕೆಳಗಿಟ್ಟು, ನನಗೆ ಉತ್ತರಿಸದೆ, ಹಿಂದೆ ನಿಂತಿದ್ದ ನಮ್ಮ ಅವ್ವನ ಮುಖ ನೋಡಿದರು. ಆಸ್ಟ್ರೇಲಿಯಾದಲ್ಲಿ ಸರ್ಕಾರವೇ ಇದಕ್ಕೆ ಹಣ ಕೊಡುತ್ತದೆ ಎಂದು ಓದಿದ್ದೇನೆ. ಅದು ನಿಜವೇ? ನಮ್ಮಲ್ಲಿ ಏನಾದರೂ ದಾರಿ ಇದೆಯೇ?

ಉತ್ತರ (ಬೀದರಿನಿಂದ)
ಈಗ ಅಲ್ಲಿಯೂ ಕೊಡುವುದಿಲ್ಲ. ಅಲ್ಲಿನ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆಯಡಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವ ಮಹಿಳೆಯೊಬ್ಬರು ತರಬೇತಿ ಪಡೆದ ಲೈಂಗಿಕ ಚಿಕಿತ್ಸಕರ ಸೇವೆಗೆ ಹಣ ಕೇಳಿ ಹೋರಾಡಿದ್ದರು. 2020ರ ಮೇ ತಿಂಗಳಲ್ಲಿ ಫೆಡರಲ್ ನ್ಯಾಯಾಲಯದ ಪೂರ್ಣಪೀಠ ಅವರ ಪರವಾಗಿಯೇ ತೀರ್ಪಿತ್ತಿತು. ಆದರೆ 2024ರಲ್ಲಿ ಕಾನೂನಿಗೆ ತಿದ್ದುಪಡಿ ತಂದು, ಆ ವರ್ಷದ ಅಕ್ಟೋಬರಿನಿಂದ ಲೈಂಗಿಕ ಸೇವೆಗಳನ್ನು ಯೋಜನೆಯಿಂದ ಹೊರಗಿಟ್ಟರು. ಆಕೆ ಅಷ್ಟು ಕಷ್ಟಪಟ್ಟು ಗೆದ್ದದ್ದನ್ನು ಹೀಗೆ ಕಿತ್ತುಕೊಂಡದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ನಮ್ಮಲ್ಲಿ ಅಂಥ ಸೇವೆಗೆ ಹಣ ನೀಡುವ ಯೋಜನೆಯಿಲ್ಲ. ಆದರೂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೇ ಕಲಮು, ಸರ್ಕಾರ ಕೈಗೊಳ್ಳಬೇಕಾದ ಆರೋಗ್ಯ ಕ್ರಮಗಳಲ್ಲಿ ಲೈಂಗಿಕ ಹಾಗೂ ಸಂತಾನೋತ್ಪತ್ತಿ ಆರೋಗ್ಯಸೇವೆಯನ್ನೂ ಸೇರಿಸಿದೆ. ಸಲಹೆ ಮತ್ತು ಚಿಕಿತ್ಸೆಗಾಗಿ ಆ ಕಲಮನ್ನು ಉಲ್ಲೇಖಿಸಿ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ.

ಉತ್ತರ (ಕಲಬುರಗಿಯ ಫಿಜಿಯೋಥೆರಪಿಸ್ಟ್)
ಮೊದಲು ಮೂತ್ರರೋಗ ತಜ್ಞರನ್ನು ಕಾಣಿರಿ. ಪೆಟ್ಟು ಯಾವ ಮಟ್ಟದಲ್ಲಿದೆ, ಎಷ್ಟು ಪೂರ್ಣವಾಗಿದೆ ಎಂಬುದರ ಮೇಲೆ ನಿಮಿರುವಿಕೆಯ ಸಾಧ್ಯತೆ ನಿಂತಿದೆ. ಅನೇಕರಿಗೆ ಮಾತ್ರೆಗಳಿಂದ ಪ್ರಯೋಜನವಾಗುತ್ತದೆ. ಹೃದಯಕ್ಕಾಗಿ ನೈಟ್ರೇಟ್ ಔಷಧ ಸೇವಿಸುವವರು ಇಂಥ ಮಾತ್ರೆಯಾದ ಸಿಲ್ಡೆನಾಫಿಲ್ ಮುಟ್ಟಲೇಬಾರದು, ಆದ್ದರಿಂದ ಕೇಳದೆ ಅಂಗಡಿಯಿಂದ ತರಬೇಡಿ. ಬೆನ್ನುಹುರಿಯ ಎದೆಭಾಗದ ಆರನೇ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದ ಇತರ ಓದುಗರಿಗೂ ಒಂದು ಮಾತು: ಉದ್ರೇಕದ ವೇಳೆ ತಲೆ ಸಿಡಿಯುವಂತಾಗಿ ಬೆವರಿದರೆ ರಕ್ತದೊತ್ತಡ ಅಪಾಯಕ್ಕೆ ಏರಿರಬಹುದು, ಕೂಡಲೇ ನಿಲ್ಲಿಸಿ ನೆಟ್ಟಗೆ ಕೂರಬೇಕು, ಇಳಿಯದಿದ್ದರೆ ಆಸ್ಪತ್ರೆಗೆ ಹೋಗಬೇಕು.

ಉತ್ತರ (ಶಹಾಪುರದ ಅಕ್ಕ)
ತಮ್ಮಾ, ನೀವು ಕೇಳಿದ್ದು ಒಳ್ಳೆಯದಾಯಿತು. ವಿಕಲಚೇತನರನ್ನು ಮದುವೆಯಾಗುವವರಿಗೆ ನಮ್ಮ ರಾಜ್ಯ 50,000 ರೂಪಾಯಿ ಪ್ರೋತ್ಸಾಹಧನ ಇಟ್ಟಿದೆ. ಮದುವೆಗೆ ಹಣವಿದೆ, ದೇಹದ ಬಗ್ಗೆ ಮಾತಾಡಲು ಮಾತ್ರ ಒಬ್ಬ ಆಪ್ತಸಮಾಲೋಚಕರಿಲ್ಲ. ಪೋಲಿಯೊ ಆದ ನನಗೆ, ಗರ್ಭಕೋಶವೇ ತೆಗೆಸಿಬಿಡು ಎಂದು ಬುದ್ಧಿ ಹೇಳಿದವರಿದ್ದಾರೆ. ಒಪ್ಪಿಗೆಯಿಲ್ಲದೆ ಬಂಜೆತನ ತರುವ ಚಿಕಿತ್ಸೆಯನ್ನು ಇದೇ ಕಾಯ್ದೆಯ 10ನೇ ಕಲಮು ನಿಷೇಧಿಸುತ್ತದೆ ಎಂದು ತಿಳಿದಿದ್ದು ಆಮೇಲೆ. ಅರ್ಜಿಯಲ್ಲಿ ಹೆಣ್ಣುಮಕ್ಕಳ ಮಾತೂ ಬರಲಿ: ಮರೆಯಿರುವ ಕೋಣೆ, ಮಹಿಳಾ ಸಮಾಲೋಚಕಿ.

ಪ್ರಶ್ನೆ ಕೇಳಿದವರು
ಎರಡನ್ನೂ ಸೇರಿಸುತ್ತೇನೆ ಅಕ್ಕಾ. ಡಾಕ್ಟರ ಬಳಿ ಹೋಗುವ ಮುನ್ನ ಪೆಟ್ಟಿನ ಮಟ್ಟ ತಿಳಿಯುವುದು ಹೇಗೆ?

ಕಲಬುರಗಿಯ ಫಿಜಿಯೋಥೆರಪಿಸ್ಟ್
ಡಿಸ್ಚಾರ್ಜ್ ಕಾರ್ಡಿನಲ್ಲಿ ಡಿ12 (ಎದೆಭಾಗದ ಹನ್ನೆರಡನೇ ಮಟ್ಟ) ಅಥವಾ ಎಲ್1 (ಸೊಂಟಭಾಗದ ಮೊದಲ ಮಟ್ಟ) ಎಂಬಂತೆ ಬರೆದಿರುತ್ತಾರೆ. ಎಂಆರ್‌ಐ ವರದಿಯ ಜೊತೆಗೆ ಅದನ್ನೂ ಒಯ್ಯಿರಿ.