ಹೆಡ್‌ಲೈಟ್ ಬಲ್ಬ್ ನಿಲ್ಲುತ್ತಿಲ್ಲ, ಬೆಳಕೂ ಸಾಲುತ್ತಿಲ್ಲ. ಯಾವುದು ಹಾಕಿಸಲಿ?

ಪ್ರಶ್ನೆ (ಕುಂದಗೋಳದಿಂದ):
ಅಣ್ಣಾರ, ನಮಸ್ಕಾರ. ನನ್ನದು 2012ರ 100 ಸಿಸಿ ಗಾಡಿ, 35/35 ವ್ಯಾಟ್ ಬಲ್ಬ್ (ಅಪ್ಪರ್ ಅಂದರೆ ದೂರದ ಬೆಳಕಿಗೆ 35, ಡಿಪ್ಪರ್ ಅಂದರೆ ತಗ್ಗಿಸಿದ ಬೆಳಕಿಗೆ 35). ಹುಬ್ಬಳ್ಳಿ ಎಪಿಎಂಸಿಯಲ್ಲಿ ಕೆಲಸ, ಮನೆಗೆ ಹೊರಡುವಾಗ ರಾತ್ರಿ 9 ದಾಟಿರುತ್ತದೆ. ಈ ವರ್ಷ 3 ಬಲ್ಬ್ ಹೋದವು. ಇದ್ದಾಗಲೂ ಬೆಳಕು ಮಂಕು. ಹೋದ ವಾರ ಹತ್ತಿ ಹೇರಿದ ಟ್ರ್ಯಾಕ್ಟರ್ ಒಂದು, ಹಿಂದೆ ದೀಪವೇ ಇಲ್ಲ, ತೀರ ಹತ್ತಿರ ಹೋದ ಮೇಲೆ ಕಂಡಿತು, ಕೈಕಾಲು ನಡುಗಿಬಿಟ್ಟವು. ಒಂದು ಅಂಗಡಿಯಲ್ಲಿ 100/90 ಹಾಕಿಸು ಅಂತಾರೆ, ಇನ್ನೊಂದರಲ್ಲಿ ಎಲ್‌ಇಡಿ ಅಂತಾರೆ. ಬೆಳಕೂ ಜಾಸ್ತಿ ಬೇಕು, ಬಾಳಿಕೆಯೂ ಬೇಕು. ಏನು ಮಾಡಲಿ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಹುಬ್ಬಳ್ಳಿ):
ಮೊದಲು ಒಂದು ಹೇಳಿ. ಎಂಜಿನ್ ಬಂದ್ ಮಾಡಿ ಬರೀ ಕೀ ಆನ್ ಇಟ್ಟರೆ ಹೆಡ್‌ಲೈಟ್ ಹತ್ತುತ್ತದಾ? ರೇಸ್ ಕೊಟ್ಟಾಗ ಬೆಳಕು ಏರಿ, ಬಿಟ್ಟಾಗ ಇಳಿಯುತ್ತದಾ?

ಕುಂದಗೋಳ:
ಎಂಜಿನ್ ಬಂದ್ ಇದ್ದರೆ ಹತ್ತೋದಿಲ್ಲ. ರೇಸ್ ಕೊಟ್ಟರೆ ಏರುತ್ತದೆ, ಹಂಪ್ ಹತ್ತಿರ ನಿಧಾನ ಮಾಡಿದರೆ ಪೂರ್ತಿ ಹಳದಿ. ಮೊನ್ನೆ ಬಲ್ಬ್ ಹೋದ ಮರುದಿನವೇ ಹಿಂದಿನ ಲೈಟೂ ಹೋಯಿತು.

ಉತ್ತರ:
ಹಾಗಾದರೆ ತಪ್ಪು ಬಲ್ಬಿನದಲ್ಲ. ನಿಮ್ಮ ಗಾಡಿಯ ಹೆಡ್‌ಲೈಟ್ ಬ್ಯಾಟರಿಯಿಂದ ಉರಿಯೋದಿಲ್ಲ, ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್‌ನಿಂದ ಬರುವ ಎಸಿ ಕರೆಂಟಿನ ಮೇಲೆ ಉರಿಯುತ್ತದೆ. ಎಂಜಿನ್ ಜೋರಾದರೆ ವೋಲ್ಟೇಜ್ ಏರುತ್ತದೆ, ಅದನ್ನು ಮಿತಿಯಲ್ಲಿ ಹಿಡಿಯೋದು ರೆಗ್ಯುಲೇಟರ್. ಆ ರೆಗ್ಯುಲೇಟರ್‌ನ ಅರ್ಥಿಂಗ್, ಅಂದರೆ ಗಾಡಿಯ ಬಾಡಿಗೆ ಸೇರುವ ಜೋಡಣೆ, ಸಡಿಲವಾದರೆ ಅಥವಾ ಬೋಲ್ಟಿಗೆ ತುಕ್ಕು ಹಿಡಿದರೆ ವೋಲ್ಟೇಜ್ ತಡೆಯೋರಿಲ್ಲ. ಹೆಡ್‌ಲೈಟ್ ಹೋಗುತ್ತದೆ, ಬೆನ್ನಿಗೇ ಟೇಲ್ ಲೈಟ್ ಹೋಗುತ್ತದೆ. ನೀವು ಹೇಳಿದ್ದೂ ಅದೇ ಲಕ್ಷಣ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ 5 ಪರ್ಸೆಂಟ್ ಜಾಸ್ತಿಯಾದರೂ ಸಾಕು, ಆಯುಷ್ಯ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಇದನ್ನು ಸರಿ ಮಾಡದೆ ಎಷ್ಟು ದುಡ್ಡಿನ ಬಲ್ಬ್ ತಂದರೂ ಅದೇ ಕಥೆ.

100/90 ಖಂಡಿತ ಬೇಡ. 35 ವ್ಯಾಟ್‌ಗೆ ಅಂತ ಮಾಡಿದ ಕಾಯಿಲ್‌ಗೆ ಅಷ್ಟು ಕರೆಂಟ್ ಕೊಡೋಕೆ ಆಗೋದಿಲ್ಲ. ಫಿಲಮೆಂಟ್ ಪೂರ್ತಿ ಕಾಯೋದಿಲ್ಲ, ಬೆಳಕು ಈಗಿರೋದಕ್ಕಿಂತ ಕೆಂಪಗೆ ಬರುತ್ತದೆ. ಬ್ಯಾಟರಿ ಮೇಲೆ ಉರಿಯುವ ಗಾಡಿಗೆ ಹಾಕಿದರೆ ಹೋಲ್ಡರ್ ಕರಗುತ್ತದೆ, ಸ್ವಿಚ್ ಸುಡುತ್ತದೆ. ಇನ್ನೊಂದು ಮಾತು, ನಿಮ್ಮದು ಎಚ್‌ಎಸ್1 ಬಲ್ಬ್. 60/55ರ ಎಚ್4 ಕೂಡ ನೋಡೋಕೆ ಹಾಗೇ ಇರುತ್ತದೆ, 3 ಪಿನ್ನೇ, ಆದರೆ ಕಾಲರ್‌ನ ಕಿವಿ ಬೇರೆ. ಕೆಲವರು ಅರ ಹಾಕಿ ತಿಕ್ಕಿ ಕೂರಿಸಿಬಿಡುತ್ತಾರೆ. ಕೂರಿಸಿಕೊಳ್ಳಬೇಡಿ. ಬಲ್ಬ್ ಒಂದು ಕೂದಲೆಳೆ ಸರಿದರೂ ಬೆಳಕು ರಸ್ತೆ ಬಿಟ್ಟು ಎಲ್ಲೆಲ್ಲೋ ಬೀಳುತ್ತದೆ. ಅಗ್ಗದ ಎಲ್‌ಇಡಿ ಎಸಿ ಲೈನಿನ ಮೇಲೆ ಮಿಣಮಿಣ ಅಂತದೆ, ಬೇಗ ಹೋಗುತ್ತದೆ.

ಈಗ ಮಾಡಬೇಕಾದ್ದು. ರೆಗ್ಯುಲೇಟರ್ ಬೋಲ್ಟ್ ಬಿಚ್ಚಿಸಿ, ಕೆಳಗಿನ ಜಾಗ ಸ್ಯಾಂಡ್‌ಪೇಪರ್‌ನಿಂದ ಬೆಳ್ಳಗಾಗೋ ಹಾಗೆ ತಿಕ್ಕಿಸಿ ಬಿಗಿ ಮಾಡಿಸಿ. ಆಮೇಲೆ ಬಲ್ಬ್ ಉರಿಯುತ್ತಿರುವಾಗಲೇ ಮೀಟರ್ ಹಚ್ಚಿ, ರೆಗ್ಯುಲೇಟರ್ ಹತ್ತಿರ ಎಷ್ಟು, ಹೋಲ್ಡರ್ ಹತ್ತಿರ ಎಷ್ಟು ಅಂತ ನೋಡಿಸಿ, ಎರಡೂ ಸಲ ರೇಸ್ ಒಂದೇ ಇರಲಿ. ದಾರಿಯಲ್ಲಿ 1 ವೋಲ್ಟ್ ಕಳೆದುಹೋದರೆ ಸುಮಾರು ಕಾಲು ಭಾಗ ಬೆಳಕೇ ಹೋಯಿತು ಅಂತ ಲೆಕ್ಕ. ಡಿಪ್ಪರ್ ಸ್ವಿಚ್‌ನ ಕಾಂಟ್ಯಾಕ್ಟ್ ಮತ್ತು ಸುಟ್ಟ ಹೋಲ್ಡರ್ ಪಿನ್, ನಾನು ನೋಡಿದ ಗಾಡಿಗಳಲ್ಲಿ ಜಾಸ್ತಿ ಇವೆರಡೇ. ಡೂಮ್ (ಹೆಡ್‌ಲೈಟ್‌ನ ಗಾಜು, ರಿಫ್ಲೆಕ್ಟರ್ ಸೇರಿದ ಬುರುಡೆ) ಒಳಗೂ ಇಣುಕಿ ನೋಡಿ. ಬಲ್ಬ್ ಹಿಂದಿನ ರಬ್ಬರ್ ಟೋಪಿ ಹರಿದಿದ್ದರೆ ಮಳೆಗಾಲದಲ್ಲಿ ನೀರು, ಬೇಸಿಗೆಯಲ್ಲಿ ನಮ್ಮ ಎರೆ ಮಣ್ಣಿನ ಧೂಳು ಒಳಗೆ ಹೋಗಿ ಕೂತಿರುತ್ತದೆ. ರಿಫ್ಲೆಕ್ಟರ್ ಮಬ್ಬಾಗಿದ್ದರೆ ಬಟ್ಟೆ ಹಾಕಿ ಉಜ್ಜಬೇಡಿ, ಮೇಲಿನ ಬೆಳ್ಳಿಯಂಥ ಲೇಪ ಕಿತ್ತುಬರುತ್ತದೆ. ಡೂಮ್ ಬದಲಿಸೋದೇ ಸರಿ.

ಬಲ್ಬ್ ಮಾತ್ರ ಕಂಪನಿ ಹೇಳಿದ 35/35ನ್ನೇ ಒಳ್ಳೆಯ ಅಂಗಡಿಯಿಂದ ಬಿಲ್ ಸಮೇತ ತಗೊಳ್ಳಿ. ನೀಲಿ ಬಣ್ಣ ಬಳಿದದ್ದು ಬೇಡ, ಆ ಬಣ್ಣವೇ ಸ್ವಲ್ಪ ಬೆಳಕು ತಿನ್ನುತ್ತದೆ. ಗಾಜು ಕೈಯಿಂದ ಮುಟ್ಟಬೇಡಿ. ಬೆರಳಿನ ಜಿಡ್ಡು ಕೂತ ಜಾಗ ಜಾಸ್ತಿ ಕಾದು ಬಲ್ಬ್ ಹಾಳಾಗುತ್ತದೆ. ಮುಟ್ಟಿದ್ದರೆ ಸ್ಪಿರಿಟ್‌ನಿಂದ ಒರೆಸಿ ಹಾಕಿ.

ಪ್ರಶ್ನೆ (ಧಾರವಾಡದಿಂದ, ವಿದ್ಯಾರ್ಥಿ):
ಅಣ್ಣಾ, ನನ್ನದು 350 ಸಿಸಿ, ಎಚ್4 60/55. ಬ್ಯಾಟರಿಯಿಂದಲೇ ಉರಿಯುತ್ತದೆ. ನೂರು ಪರ್ಸೆಂಟ್ ಜಾಸ್ತಿ ಬೆಳಕು ಅಂತ ಡಬ್ಬಿ ಮೇಲೆ ಬರೆದಿರೋ ಬಲ್ಬ್ ತಗೊಳ್ಳಲಾ?

ಉತ್ತರ:
ತಮ್ಮಾ, ಅದು ಅದೇ 60/55 ವ್ಯಾಟ್‌ನಲ್ಲಿ ಫಿಲಮೆಂಟನ್ನು ಇನ್ನೂ ಬಿಸಿಯಾಗಿ ಉರಿಸುತ್ತದೆ. ಬೆಳಕು ನಿಜವಾಗಿಯೂ ಚೆನ್ನಾಗಿರುತ್ತದೆ, ಆದರೆ ಬೇಗ ಹೋಗುತ್ತದೆ. ಲಾಂಗ್ ಲೈಫ್ ಅಂತ ಬರೋದು ಬಾಳುತ್ತದೆ, ಬೆಳಕು ಸ್ವಲ್ಪ ಕಡಿಮೆ. ಎರಡೂ ಒಂದೇ ಡಬ್ಬಿಯಲ್ಲಿ ಸಿಗೋದಿಲ್ಲ. ನಿನ್ನ ಗಾಡಿಗೆ ನಾನಾಗಿದ್ದರೆ ಮಾಮೂಲಿ ಎಚ್4 ಇಟ್ಟು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸೋ ಸ್ವಿಚ್) ಕಿಟ್ ಹಾಕುತ್ತಿದ್ದೆ. ಬ್ಯಾಟರಿಯಿಂದ ದಪ್ಪ ವೈರ್, ನಡುವೆ 10 ಆಂಪ್ ಫ್ಯೂಸ್, ಅಪ್ಪರ್‌ಗೊಂದು ಡಿಪ್ಪರ್‌ಗೊಂದು ರಿಲೇ. 60 ವ್ಯಾಟ್ ಅಂದರೆ 5 ಆಂಪ್, ಅದೆಲ್ಲಾ ಸಣ್ಣ ಸ್ವಿಚ್ ಮೂಲಕ ಹೋಗೋದು ತಪ್ಪುತ್ತದೆ. ಅದಕ್ಕೂ ಮುಂಚೆ ಎಂಜಿನ್ ಚಾಲೂ ಇಟ್ಟು ರೇಸ್ ಕೊಟ್ಟು ಬ್ಯಾಟರಿ ಮೇಲೆ ಮೀಟರ್ ಹಚ್ಚು. 14 ವೋಲ್ಟ್‌ನ ಆಚೀಚೆ ಇರಬೇಕು. 15 ದಾಟಿದರೆ ರೆಗ್ಯುಲೇಟರ್ ನೋಡಿಸು.

ಪ್ರಶ್ನೆ (ಹಾವೇರಿಯಿಂದ):
ನಾನು ನರ್ಸ್, ರಾತ್ರಿ ಡ್ಯೂಟಿ ಮುಗಿಸಿ ಸ್ಕೂಟರ್ ಮೇಲೆ ಬರುತ್ತೇನೆ. ಎದುರಿನ ಎಲ್‌ಇಡಿಗೆ ಕಣ್ಣು ಕತ್ತಲೆ ಬರುತ್ತದೆ. ನನ್ನ ಲೈಟೂ ಬೇರೆಯವರಿಗೆ ಹಾಗೇ ಹೊಡೆಯುತ್ತಿದೆಯಾ ಅಂತ ಹೇಗೆ ತಿಳಿಯೋದು?

ಉತ್ತರ:
ಅಕ್ಕಾರ, ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು. ಸಮತಟ್ಟು ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ಗಾಡಿ ನಿಲ್ಲಿಸಿ. ನೀವೇ ಮೇಲೆ ಕೂತು, ನೆಟ್ಟಗೆ ಹಿಡಿದು ಡಿಪ್ಪರ್ ಹಾಕಿ. ಬೆಳಕಿನ ಮೇಲಿನ ಅಂಚು ಹೆಡ್‌ಲೈಟ್‌ನ ಎತ್ತರಕ್ಕಿಂತ 5 ಸೆಂಟಿಮೀಟರ್ ಕೆಳಗೆ ಬೀಳಬೇಕು. ಮೇಲೆ ಇದ್ದರೆ ಸ್ಕ್ರೂ ತಿರುಗಿಸಿ ಇಳಿಸಿಕೊಡುತ್ತಾರೆ. ಎಲ್‌ಇಡಿ ಬಲ್ಬ್ ಹಾಕಿದ ಮೇಲೆ ಆ ಅಂಚೇ ಕಾಣದೆ ಗೋಡೆ ತುಂಬಾ ಬೆಳಕು ಚೆಲ್ಲಿದರೆ ತೆಗೆಸಿಬಿಡಿ. ಹ್ಯಾಲೊಜನ್‌ಗೆ ಮಾಡಿದ ರಿಫ್ಲೆಕ್ಟರ್‌ನಲ್ಲಿ ಅದು ಸರಿಯಾಗಿ ಕೂರೋದಿಲ್ಲ. ಹಾಂ, ಹೆಲ್ಮೆಟ್ ಗಾಜಿನಲ್ಲಿ ಗೀರು ಬಿದ್ದಿದ್ದರೆ ಬದಲಿಸಿ, ಎದುರಿನ ಬೆಳಕು ಆ ಗೀರುಗಳಲ್ಲೇ ಒಡೆದು ಕಣ್ಣಿಗೆ ಹರಡುತ್ತದೆ.

ಕುಂದಗೋಳ (4 ದಿನದ ನಂತರ):
ಅಣ್ಣಾರ, ರೆಗ್ಯುಲೇಟರ್ ಬೋಲ್ಟ್ ತುಕ್ಕು ಹಿಡಿದು ಕೈಯಲ್ಲೇ ಅಲುಗಾಡುತ್ತಿತ್ತು. ಹೋಲ್ಡರ್ ಒಂದು ಪಿನ್ ಕರ್ರಗಾಗಿತ್ತು. ಎರಡೂ ಸರಿ ಮಾಡಿಸಿ ಡೂಮ್ ಹೊಸದು ಹಾಕಿಸಿದೆ, ಬಲ್ಬ್ ಅದೇ 35/35. ನಿನ್ನೆ ರಾತ್ರಿ ಬರುವಾಗ ರಸ್ತೆ ಅಂಚಿನ ಬಿಳಿ ಪಟ್ಟಿ ದೂರದ ತನಕ ಕಂಡಿತು.

ಉತ್ತರ:
ಕೇಳಿ ಸಮಾಧಾನವಾಯಿತು. ಒಂದು ತಿಂಗಳು ಬಿಟ್ಟು ಆ ಬೋಲ್ಟ್ ಮತ್ತೆ ಬಿಗಿ ಮಾಡಿಸಿ. ಒಂದು ಬಲ್ಬ್ ಬಟ್ಟೆಯಲ್ಲಿ ಸುತ್ತಿ ಡಬ್ಬಿ ಸಮೇತ ಗಾಡಿಯಲ್ಲೇ ಇಟ್ಟುಕೊಂಡಿರಿ.